ಬಾಗಿದ ಕೊಡಕ್ಕೇ ನೀರು

ಬೇಸಿಗೆ ಕಾಲಿಟ್ಟಿತೆಂದರೆ ನಮ್ಮ ಬೆಳಗಾವಿಯ ಮನೆಗೆ ಖಾನಾಪುರದ ಗಡಿಗೆಯೊಂದು ಬರಲೇಬೇಕು. ಮಲಪ್ರಭೆಯ ದಂಡೆಯ ಆ ಊರು ಕುಂಬಾರಿಕೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ತಿಗರಿಯ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಸಾಕು, ಒಂದು ಸಂಗತಿ ತಿಳಿಯುತ್ತದೆ. ತುಳಿದು, ನಾದಿ, ಹದ ಮಾಡಿದ ಮಣ್ಣಷ್ಟೇ ಬೆರಳಿನ ಮಾತು ಕೇಳುತ್ತದೆ. ಒಳಗೊಂದು ಹರಳನ್ನು ಬಚ್ಚಿಟ್ಟುಕೊಂಡ ಮುದ್ದೆ ಹೇಗೋ ಗಡಿಗೆಯಾದರೂ ಆವಿಗೆಯಲ್ಲಿ ಬಿರುಕು ಬಿಡುತ್ತದೆ.

ಗಡಿಗೆ ಕೊಳ್ಳುವಾಗ ಬೆರಳಿನ ಗೆಣ್ಣಿನಿಂದ ಬಾರಿಸಿ ಸದ್ದು ಕೇಳುತ್ತೇವಲ್ಲ, ಕುರ್‌ಆನಿನ ಅರ್ರಹ್ಮಾನ್ ಅಧ್ಯಾಯ ಮನುಷ್ಯನ ಹುಟ್ಟನ್ನು ಹೇಳುವಾಗ ನೆನೆಯುವುದು ಅಂಥದೇ ಮಣ್ಣನ್ನು: ಮಡಿಕೆಯಂತೆ ಸದ್ದು ಮಾಡುವ ಒಣ ಜೇಡಿಮಣ್ಣು. ಇಸ್ಲಾಮಿನಲ್ಲಿ ವಿನಯದ ಪಾಠ ಶುರುವಾಗುವುದೇ ಈ ಮಣ್ಣಿನಿಂದ.

ಮಣ್ಣಿನಿಂದ ಮಾಡಿದ ಮೊದಲ ಮನುಷ್ಯ ಆದಮರಿಗೆ ತಲೆಬಾಗಿರೆಂದು ದೇವರ ಅಪ್ಪಣೆಯಾದಾಗ ದೇವದೂತರೆಲ್ಲ ಬಾಗಿದರು. ಮುಂದೆ ಸೈತಾನನೆನಿಸಿದ ಇಬ್ಲೀಸ್ ಒಬ್ಬ ಬಾಗಲಿಲ್ಲ. ತಾನು ಬೆಂಕಿಯಿಂದ ಹುಟ್ಟಿದವನು, ಈತ ಮಣ್ಣಿನವನು, ಆದ್ದರಿಂದ ತಾನೇ ಮೇಲು ಎಂಬುದು ಅವನ ವಾದ. ಅವನು ದೇವರಿಲ್ಲ ಎನ್ನಲಿಲ್ಲ, ದೇವರೊಂದಿಗೇ ಮಾತಾಡುತ್ತಿದ್ದ. ಅವನನ್ನು ಕೆಡಿಸಿದ್ದು ನಾಸ್ತಿಕತೆಯಲ್ಲ, ಇನ್ನೊಬ್ಬನ ಮೂಲವನ್ನು ಅಳೆದು ಕೀಳೆಂದ ಬುದ್ಧಿ. ಜಾತಿ ಕೇಳಿ, ಕೇರಿ ಕೇಳಿ, ಮಾತಿನ ಧಾಟಿ ಕೇಳಿ ಮನುಷ್ಯರನ್ನು ತೂಗುವ ನಮ್ಮ ಅಭ್ಯಾಸದ ಬೇರು ಎಷ್ಟು ಹಳೆಯದೆಂದು ಈ ಕಥೆ ಕೇಳಿದಾಗಲೆಲ್ಲ ನನಗೆ ಭಯವಾಗುತ್ತದೆ.

ಎದೆಯಲ್ಲಿ ಅಣುವಿನಷ್ಟು ಅಹಂಕಾರವಿದ್ದವನೂ ಸ್ವರ್ಗ ಸೇರಲಾರ ಎಂದು ಪ್ರವಾದಿ ಮುಹಮ್ಮದರು ಎಚ್ಚರಿಸಿದಾಗ ಕೇಳುತ್ತಿದ್ದವರೊಬ್ಬರಿಗೆ ಅಳುಕಾಯಿತು. ಒಳ್ಳೆಯ ಬಟ್ಟೆ, ಒಳ್ಳೆಯ ಚಪ್ಪಲಿ ಬೇಕೆನ್ನುವುದೂ ಅಹಂಕಾರವೇ ಎಂದು ಕೇಳಿದರು. ಅಲ್ಲ, ದೇವರಿಗೂ ಚೆಲುವು ಇಷ್ಟವೇ ಎಂದ ಪ್ರವಾದಿಯವರು, ಅಹಂಕಾರವೆಂದರೆ ಸತ್ಯವನ್ನು ತಳ್ಳಿಹಾಕುವುದು ಮತ್ತು ಜನರನ್ನು ಕೀಳಾಗಿ ಕಾಣುವುದು ಎಂದು ಬಿಡಿಸಿ ಹೇಳಿದರು. ಹರಕು ಬಟ್ಟೆ ತೊಟ್ಟು ತಲೆ ತಗ್ಗಿಸಿ ನಡೆದ ಮಾತ್ರಕ್ಕೆ ವಿನಯ ಬಂದಂತಲ್ಲ. ನನಗಿಂತ ಚಿಕ್ಕವನು ತಪ್ಪು ತೋರಿಸಿದಾಗ ಹೌದೆನ್ನಬಲ್ಲೆನೇ? ನನಗೆ ಯಾವ ಲಾಭವನ್ನೂ ಕೊಡಲಾಗದವನ ಮುಖವನ್ನೂ ನೋಡಿ ಮಾತಾಡಬಲ್ಲೆನೇ? ಪರೀಕ್ಷೆ ಇರುವುದು ಇಲ್ಲಿ.

ಪ್ರವಾದಿಯವರ ಬದುಕಿನಲ್ಲಿ ಈ ಪರೀಕ್ಷೆ ಬಂದದ್ದು ಗೆಲುವಿನ ದಿನ. ತಮ್ಮನ್ನು ಊರು ಬಿಡಿಸಿದ ಮಕ್ಕಾ ನಗರವನ್ನು ಅವರು 630ರಲ್ಲಿ ಗೆದ್ದು ಪ್ರವೇಶಿಸಿದಾಗ, ಗಡ್ಡ ಒಂಟೆಯ ಜೀನಿಗೆ ತಾಗುವಷ್ಟು ತಲೆ ಬಾಗಿತ್ತೆಂದು ಚರಿತ್ರೆಕಾರರು ಬರೆದಿದ್ದಾರೆ. ಊರವರಿಗೆ ಅಂದು ಸಿಕ್ಕಿದ್ದು ಕ್ಷಮೆ. ಅಲ್ಲಿನ ಪವಿತ್ರ ಮಂದಿರ ಕಅಬಾದ ಮೇಲೇರಿ ನಮಾಜಿನ ಕರೆಯಾದ ಅಝಾನ್ ಕೂಗಿದವರು ಬಿಲಾಲ್, ಒಂದು ಕಾಲಕ್ಕೆ ಅದೇ ಊರಿನಲ್ಲಿ ಗುಲಾಮರಾಗಿದ್ದ ಕಪ್ಪು ಮೈಬಣ್ಣದವರು. ಗೆದ್ದವರು ತಲೆ ತಗ್ಗಿಸಿದರು, ತುಳಿತಕ್ಕೊಳಗಾದವರು ಎತ್ತರಕ್ಕೇರಿದರು. ಮನೆಯಲ್ಲಿಯೂ ಪ್ರವಾದಿಯವರು ಹಾಗೆಯೇ. ತಮ್ಮ ಚಪ್ಪಲಿಯನ್ನು ತಾವೇ ಹೊಲಿಯುತ್ತಿದ್ದರು, ಮನೆಗೆಲಸಕ್ಕೆ ಕೈಜೋಡಿಸುತ್ತಿದ್ದರು.

ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿ ನಮ್ಮೂರಿನವರಿಗೆ ಚಿರಪರಿಚಿತ. 16ನೇ ಶತಮಾನದಲ್ಲಿ ಅದನ್ನು ಕಟ್ಟಿಸಿದವನು ಬಿಜಾಪುರದ ಆದಿಲ್‌ಶಾಹಿಗಳ ಸರದಾರ ಅಸದ್ ಖಾನ್ ಲಾರಿ. ಅಸದ್ ಎಂದರೆ ಸಿಂಹ. ಅದು ಸುಲ್ತಾನ ಕೊಟ್ಟ ಬಿರುದು. ಆದರೆ ನಮಾಜಿನ ಸಾಲಿನಲ್ಲಿ ಬಿರುದಿಗೆ ಬೇರೆ ಜಾಗವಿಲ್ಲ. ಸರದಾರನಾಗಲಿ ಅವನ ಕುದುರೆ ಕಾಯುವವನಾಗಲಿ, ಭುಜಕ್ಕೆ ಭುಜ ತಾಗಿಸಿ ನಿಲ್ಲಬೇಕು. ದಿನದ ಐದು ಹೊತ್ತಿನ ಕಡ್ಡಾಯ ನಮಾಜಿನಲ್ಲಿ ಸುತ್ತುಗಳಂತೆ ಬರುವ 17 ರಕಅತ್‌ಗಳು, ಪ್ರತಿ ರಕಅತ್‌ಗೆ ಎರಡು ಸಜ್ದಾ. ಅಂದರೆ ಹಣೆ 34 ಸಲ ನೆಲ ಮುಟ್ಟಬೇಕು. ಹಣೆ ಎಲ್ಲಕ್ಕಿಂತ ಕೆಳಗಿರುವ ಆ ಗಳಿಗೆಯಲ್ಲೇ ನಾಲಗೆ ದೇವರನ್ನು ಅತ್ಯುನ್ನತನೆಂದು ಕೊಂಡಾಡುತ್ತದೆ. ತಾನು ಎಲ್ಲಿದ್ದೇನೆ, ಅವನು ಎಲ್ಲಿದ್ದಾನೆ ಎಂಬುದು ಮೈಗೂ ಗೊತ್ತಾಗಲಿ ಎಂದು.

34 ಸಲ ಹಣೆ ಮಣ್ಣಿಗೆ ಮುಟ್ಟಿಸಿ ಎದ್ದವನು ಬಾಗಿಲಾಚೆ ಬಂದು ಕೂಲಿಯವನ ಮೇಲೆ ರೇಗಿದರೆ ಹಣೆಯಷ್ಟೇ ಬಾಗಿತು, ಎದೆ ಬಾಗಲಿಲ್ಲ. ಭಕ್ತಿಯೇ ಹೆಮ್ಮೆಯಾಗುವ ಅಪಾಯ ಯಾವ ಧರ್ಮದವರಿಗೂ ತಪ್ಪಿದ್ದಲ್ಲ. ನಾನು ಪೂಜೆ ಬಿಟ್ಟವನಲ್ಲ, ನಾನು ನಮಾಜು ತಪ್ಪಿಸಿದವನಲ್ಲ ಎನ್ನುವ ಮಾತಿನ ಬಾಲದಲ್ಲಿ ‘ಅವನಂತಲ್ಲ’ ಎಂಬುದು ಸೇರಿಕೊಂಡ ಕೂಡಲೇ ಇಬ್ಲೀಸನ ದನಿ ಕೇಳತೊಡಗುತ್ತದೆ.

ಅಸದ್ ಖಾನ್ 1549ರಲ್ಲಿ ತೀರಿಕೊಂಡ. ಆ ಸಿಂಹವೂ ಬೆಳಗಾವಿಯ ಮಣ್ಣು ಸೇರಿತು. ಮುಸ್ಲಿಮರ ದಫನಿಗೆ ಹೋದವರು ನೋಡಿರುತ್ತೀರಿ: ಬಂದವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕುತ್ತಾರೆ. ಮಣ್ಣಿನಿಂದ ಬಂದೆವು, ಮಣ್ಣಿಗೆ ಮರಳುತ್ತೇವೆ, ಅದರಿಂದಲೇ ಮತ್ತೆ ಏಳುತ್ತೇವೆ ಎಂಬ ನಂಬಿಕೆ ಆ ಮೂರು ಹಿಡಿಗಳಲ್ಲಿದೆ. ಆ ಹಿಡಿಯಲ್ಲಿ ಯಾರ ಮಣ್ಣಿಗೂ ಬೇರೆ ಬಣ್ಣವಿಲ್ಲ.

ತುಂಬಿದ ಕೊಡ ತುಳುಕುವುದಿಲ್ಲ ಎಂದು ನಮ್ಮ ಹಿರಿಯರು ಹೇಳಿದರು. ಆ ಕೊಡ ತುಂಬಿದ್ದು ಹೇಗೆಂದು ಹೊಳೆಗೆ ಹೋದವರಿಗೆ ಗೊತ್ತು. ನೆಟ್ಟಗೆ ನಿಂತ ಕೊಡ ಮಲಪ್ರಭೆಯಲ್ಲೂ ತೇಲುತ್ತಲೇ ಇರುತ್ತದೆ. ಬಾಯಿ ಬಾಗಿಸಿದಾಗಲೇ ನೀರು ಒಳಗಿಳಿಯುವುದು. ಹಾಗೆ ಬಾಗಿ ತುಂಬಿದ್ದನ್ನೇ ಎತ್ತಿ ತಲೆಯ ಮೇಲಿಟ್ಟುಕೊಳ್ಳುತ್ತಾರೆ. ದೇವರಿಗಾಗಿ ತಗ್ಗಿದವರನ್ನು ದೇವರೇ ಎತ್ತುತ್ತಾನೆ ಎಂಬ ಪ್ರವಾದಿಯವರ ಬೋಧನೆ ನನಗೆ ಅರ್ಥವಾಗುವುದು ಈ ಚಿತ್ರದಲ್ಲೇ.

ಇಂದು ಎದುರಿಗೆ ಬಂದವರಿಗೆ ನಾವೇ ಮೊದಲು ಸಲಾಮೋ ನಮಸ್ಕಾರವೋ ಹೇಳೋಣ. ಸಂಜೆ ಮನೆಗೆ ಬಂದು ನೀರಿಗಾಗಿ ಗಡಿಗೆಯ ಮುಂದೆ ಬಾಗುವಾಗ, ಅದೂ ನಾನೂ ಒಂದೇ ಮಣ್ಣಿನವರು ಎಂದು ಒಂದು ಗಳಿಗೆ ನೆನೆಯೋಣ.