ಬೆಂಡಾದ ರಾಡು

ಪುಶ್ ರಾಡ್ ಎಂಬ ವಸ್ತುವನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದದ್ದು 2019ರ ಅಕ್ಟೋಬರಿನಲ್ಲಿ, ಬಣಕಲ್‌ನ ಒಂದು ಗ್ಯಾರೇಜಿನಲ್ಲಿ. ಹೆಚ್ಚುಕಡಿಮೆ ಒಂದು ಗೇಣುದ್ದದ ಸಪೂರ ಸರಳು. ಸ್ವೆಟರ್ ಹೆಣೆಯುವ ಕಡ್ಡಿಯ ಅಣ್ಣನ ಹಾಗಿತ್ತು, ನಡುವೆ ಮಾತ್ರ ಬಿಲ್ಲಿನಂತೆ ಬಾಗಿತ್ತು. "ಇದೇ ನೋಡಿ ಅಮ್ಮ" ಎಂದು ಮೇಸ್ತ್ರಿ ಅದನ್ನು ನನ್ನ ಅಂಗೈಗೆ ಇಟ್ಟ. ನಾನು ತಿರುಗಿ ನಮ್ಮ ಡ್ರೈವರ್ ಹುಡುಗನ ಮುಖ ನೋಡಿದೆ. ಆ ನೋಟ ಎಂಥದ್ದೆಂದು ನಿಮಗೂ ಗೊತ್ತಿರುತ್ತದೆ. ಸೊಸೆಯ ಕೈಯಿಂದ ಗಾಜಿನ ಲೋಟ ಜಾರಿದಾಗ ಮನೆಯವರು ನೋಡುವ ನೋಟ.

ಆ ವರ್ಷದ ಮಳೆಯನ್ನು ಮೂಡಿಗೆರೆ ಸೀಮೆಯವರು ಮರೆಯುವುದಿಲ್ಲ. ಆಗಸ್ಟಿನಲ್ಲಿ ಗುಡ್ಡಗಳು ಜರಿದು ಚಾರ್ಮಾಡಿ ಘಾಟಿಯೇ ಮುಚ್ಚಿತು. ನಮ್ಮ ಯಜಮಾನರು ಕಾಲಿನ ಆಪರೇಶನ್ನಿಗೆಂದು ಜೂನ್‌ನಲ್ಲೇ ಬೆಂಗಳೂರಿನ ಮಗಳ ಮನೆ ಸೇರಿದ್ದರು. ತೋಟದ ಹಳೇ ಡೀಸೆಲ್ ಜೀಪು ಶೆಡ್ಡಿನಲ್ಲಿ ನಿಂತೇ ಇತ್ತು. ಜುಲೈನಲ್ಲೊಂದು ದಿನ ಹುಡುಗ ಹಿತ್ತಲ ಬಾಗಿಲಿಗೆ ಬಂದು, "ಅಮ್ಮ, ಬ್ಯಾಟರಿ ಇಳಿದಿದೆ. ಚಾರ್ಜ್ ಮಾಡಿಸಿ ಒಂದಿಷ್ಟು ಡೀಸೆಲ್ ಹಾಕ್ಸಿದ್ರೆ ವಾರಕ್ಕೊಂದ್ಸಲ ಓಡಿಸಿ ಇಡ್ತೀನಿ" ಎಂದ. ಓಡಾಟವಿಲ್ಲದ ಗಾಡಿಗೆ ಡೀಸೆಲ್ ಯಾಕೆ ಎಂದೆ. ದುಡ್ಡಿನ ವ್ಯವಹಾರ ನನ್ನ ಕೈಗೆ ಬಂದ ಮೊದಲ ಮಳೆಗಾಲ ಅದು. ಬೇಡ ಎನ್ನುವುದರಲ್ಲಿ ಒಂದು ಸುಖವೂ ಇತ್ತೆಂದು ಈಗ ಅನ್ನಿಸುತ್ತದೆ.

ಮಳೆ ಹೊಳವಾದ ಮೇಲೆ ಬೇರೆ ಬ್ಯಾಟರಿ ತಂದು ಸ್ಟಾರ್ಟ್ ಮಾಡಿದಾಗ ಒಳಗೆಲ್ಲೋ 'ಟಕ್' ಎಂದಿತು. ಆಮೇಲೆ ಟಿಕ್ ಟಿಕ್ ಎಂಬ ಬಿಡದ ಸದ್ದು, ಗಡಗಡ ನಡುಕ, ಹೊಗೆ. ಹೇಗೋ ಬಣಕಲ್ ಮುಟ್ಟಿಸಿದ. ಗ್ಯಾರೇಜಿನಲ್ಲಿ ನಾಲ್ಕು ಜನರ ಎದುರು, "ಸಿಕ್ಕಾಪಟ್ಟೆ ರೇಸ್ ಮಾಡಿದೀಯ" ಎಂದೆ. ಅವನು ಮಾತಾಡಲಿಲ್ಲ. ರಾತ್ರಿ ಫೋನಿನಲ್ಲಿ ಯಜಮಾನರಿಗೂ ಅದನ್ನೇ ಹೇಳಿದೆ. "ಸ್ವಲ್ಪ ಹಿಡ್ಕೋ, ಬುದ್ಧಿ ಬರಲಿ" ಎಂದರು. ಶನಿವಾರದ ಬಟವಾಡೆಯಲ್ಲಿ 500 ರೂಪಾಯಿ ಹಿಡಿದೆ.

ಇಂಜಿನ್ನಿನ ಒಳಸಂಸಾರವನ್ನು ನನಗೆ ಅರ್ಥವಾಗುವ ಹಾಗೆ ಹೇಳಿಕೊಟ್ಟದ್ದು ಆ ಮೇಸ್ತ್ರಿ. ಕೆಳಗೆ ಕ್ಯಾಮ್ ಎಂಬುದೊಂದು ತಿರುಗುತ್ತದೆ. ಅದರ ಉಬ್ಬು ಟ್ಯಾಪೆಟ್ಟನ್ನು ಎತ್ತುತ್ತದೆ, ಟ್ಯಾಪೆಟ್ ಪುಶ್ ರಾಡನ್ನು ದೂಡುತ್ತದೆ, ರಾಡು ಮೇಲಿನ ರಾಕರನ್ನು, ರಾಕರ್ ವಾಲ್ವನ್ನು. ವಾಲ್ವ್ ತೆರೆದರೆ ಇಂಜಿನ್ನಿಗೆ ಉಸಿರು. ನಾಲ್ಕು ಸಿಲಿಂಡರಿಗೆ ಎಂಟು ರಾಡು. ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಒಂದೊಂದು ರಾಡೂ ಸಾವಿರ ಸಲ ಎದ್ದು ಕೂರಬೇಕು. ನಮ್ಮ ಅಡುಗೆಮನೆಯ ಓಡಾಟ ಇದರ ಮುಂದೆ ಏನೂ ಅಲ್ಲ ಬಿಡಿ.

ಆತ ಎಂಟೂ ರಾಡುಗಳನ್ನು ಒಂದೊಂದಾಗಿ ಗಾಜಿನ ಹಲಗೆಯ ಮೇಲೆ ಉರುಳಿಸಿದ. ನೆಟ್ಟಗಿದ್ದವು ಸರಾಗ ಉರುಳಿದವು. ಬೆಂಡಾದದ್ದು ಕುಂಟುತ್ತಾ ಕುಪ್ಪಳಿಸಿತು. ಹಾಗಾದರೆ ಹೊಸದೊಂದು ಹಾಕಿ ಮುಗಿಸಿ ಎಂದೆ. "ಹಾಕಬಹುದು ಅಮ್ಮ, ನಾಳೆ ಅದೂ ಬೆಂಡಾಗ್ತದೆ. ರಾಡ್ ತಾನಾಗಿ ಬಗ್ಗೋದಿಲ್ಲ. ದಾರಿ ಕೊಡದೆ ಕೂತಿರೋದು ಬೇರೆ ಏನೋ ಇದೆ. ಹೆಡ್ ಇಳಿಸಿ ನೋಡ್ಬೇಕು."

ಸೋಮವಾರ ಹೆಡ್ ಇಳಿಸಿದ. ಒಂದು ವಾಲ್ವಿನ ಕಾಂಡ ಗೈಡಿನೊಳಗೆ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನಾಲ್ಕು ತಿಂಗಳ ಥಂಡಿ ಒಳಗಿಳಿದಿತ್ತು. ಕೆಳಗಿನಿಂದ ಕ್ಯಾಮ್ ದೂಡುತ್ತದೆ, ಮೇಲೆ ವಾಲ್ವ್ ಜಗ್ಗುವುದಿಲ್ಲ, ನಡುವೆ ಸಿಕ್ಕಿದ್ದು ರಾಡು. "ಗಾಡಿ ನಿಲ್ಲಿಸಿದ್ರಲ್ಲ, ಅದೇ ಆಗಿದ್ದು. ಆಗಾಗ ಓಡಿಸಿದ್ರೆ ಹೀಗಾಗ್ತಿರ್ಲಿಲ್ಲ." ಆತ ಯಾರನ್ನೂ ಉದ್ದೇಶಿಸಿ ಹೇಳಲಿಲ್ಲ. ಹುಡುಗ ಸ್ಪ್ಯಾನರುಗಳನ್ನು ಒರೆಸುತ್ತಾ ನಿಂತಿದ್ದ.

ಹಾಳಾದದ್ದು ಎಲ್ಲಿ ಕಾಣುತ್ತದೋ ಅಲ್ಲೇ ತಪ್ಪನ್ನೂ ಹುಡುಕಿ ಮುಗಿಸುವುದು ಸುಲಭ. ಹಾಲು ಒಡೆದರೆ ಒಲೆಯ ಮುಂದೆ ನಿಂತವಳನ್ನು ಬೈಯುತ್ತೇವೆ. ಹಿಂದಿನ ಸಂಜೆ ಪಾತ್ರೆಯನ್ನು ಸರಿಯಾಗಿ ತೊಳೆಯದವರು ಅಷ್ಟರಲ್ಲಿ ಪೇಪರ್ ಓದುತ್ತಿರುತ್ತಾರೆ. ಇದು ನಾನು ಅನುಭವಿಸಿ ತಿಳಿದ ಸಂಗತಿ. ತಿಳಿದೂ ನಾನು ಮಾಡಿದ್ದು ಅದನ್ನೇ.

"ರಾಡ್ ಬಗ್ಗಿದ್ದೇ ಒಳ್ಳೇದಾಯ್ತು, ಇಲ್ದಿದ್ರೆ ರಾಕರೋ ಕ್ಯಾಮೋ ಹೋಗೋದು, ದೊಡ್ಡ ಖರ್ಚು" ಎಂದೂ ಮೇಸ್ತ್ರಿ ಹೇಳಿದ. ಯಾರಿಗೆ ಒಳ್ಳೇದಾಯ್ತು ಎಂದು ಕೇಳಬೇಕೆನ್ನಿಸಿತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಚಿಕ್ಕಂದಿನಿಂದ ಕೇಳಿಸಿಕೊಂಡು ಬಂದ ನಮಗೆ ಬಗ್ಗುವುದರ ಹಿರಿಮೆ ಹೊಸದಲ್ಲ. ಬಗ್ಗಿದ್ದರಿಂದ ಉಳಿದುಕೊಂಡವರೇ ಅದನ್ನು ಹೊಗಳುವುದು ಜಾಸ್ತಿ. ಇಂಥ ಕತೆ ಕೇಳಿದಾಗ ನಾವು ಹೆಂಗಸರು ರಾಡಿನ ಜಾಗದಲ್ಲಿ ನಮ್ಮನ್ನೇ ಇಟ್ಟುಕೊಂಡು ಕಣ್ಣೊರೆಸಿಕೊಳ್ಳುತ್ತೇವೆ. ಈ ಸಲ ಅದು ಸಾಧ್ಯವಿರಲಿಲ್ಲ. ದಾರಿ ಕೊಡದೆ ಕೂತಿದ್ದವಳು ನಾನು.

ಸಪೂರ ಕಂಬ ಎಷ್ಟು ಭಾರಕ್ಕೆ ಬಾಗೀತೆಂದು ಆಯ್ಲರ್ ಎಂಬ ಗಣಿತಜ್ಞ 1744ರಲ್ಲೇ ಲೆಕ್ಕ ಹಾಕಿದ್ದನೆಂದು ಇಂಜಿನಿಯರಿಂಗ್ ಓದಿದ ಮಗಳು ಹೇಳಿದಳು. ಆ ಮಿತಿ ಮುಟ್ಟುವ ತನಕ ಕಂಬ ನೆಟ್ಟಗೇ ನಿಂತಿರುತ್ತದಂತೆ, ಮೀರಿದೊಡನೆ ಒಮ್ಮೆಗೇ ಬಾಗುತ್ತದಂತೆ. ಹುಡುಗನ ಮೌನವನ್ನು ಒಪ್ಪಿಗೆ ಎಂದುಕೊಂಡಿದ್ದೆನಲ್ಲ, ಅದು ನೆನಪಾಯಿತು. ಬಾಗಿದ್ದನ್ನು ಬಡಿದು ನೆಟ್ಟಗೆ ಮಾಡಲು ಬರುವುದಿಲ್ಲವೇ ಎಂದು ಮೇಸ್ತ್ರಿಯನ್ನು ಕೇಳಿದ್ದೆ. ಬರುತ್ತದೆ, ಆದರೆ ಒಮ್ಮೆ ಬಗ್ಗಿದ ಜಾಗ ಮತ್ತೆ ಬಗ್ಗುತ್ತದೆ, ನಾನು ಹಾಗೆ ಹಾಕಿ ಕೊಡುವುದಿಲ್ಲ ಎಂದ.

ಆ 500 ರೂಪಾಯಿಯನ್ನು ನಾನು ಹೇಗೆ ಹಿಂತಿರುಗಿಸಿದೆ ಗೊತ್ತೇ? ದೀಪಾವಳಿಯ ಭಕ್ಷೀಸಿನ ಜೊತೆ ಸೇರಿಸಿ. ಅವನಿಗೆ ಸಲ್ಲಬೇಕಾದ ದುಡ್ಡೇ ನನ್ನ ಔದಾರ್ಯವಾಯಿತು. ಅವನು ಎರಡೂ ಕೈಯೊಡ್ಡಿ, "ಇಷ್ಟೊಂದು ಯಾಕಮ್ಮ" ಎಂದ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. "ಹಬ್ಬ ಅಲ್ವಾ" ಎಂದು ಒಳಗೆ ಹೋದೆ.

ಡಿಸೆಂಬರಿನಲ್ಲಿ, ಕಾಫಿ ಕುಯ್ಲು ಶುರುವಾಗುವ ಹೊತ್ತಿಗೆ ಯಜಮಾನರು ಬಂದರು. ಜೀಪು ಹತ್ತುವ ಮೊದಲು ಅವರಂದ ಮಾತು, "ಇನ್ನಾದರೂ ರೇಸ್ ಮಾಡಬೇಡ ಮಾರಾಯ." ಹುಡುಗ, "ಆಯ್ತು ಸಾರ್" ಎಂದ. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಬಹುಶಃ ನಾನು ಸುಮ್ಮನಿರುತ್ತಿದ್ದೆ.

"ಅವನಲ್ಲ" ಎಂದೆ ಜಗಲಿಯಿಂದ. "ಮಳೆಗಾಲದಲ್ಲಿ ಗಾಡಿ ಓಡಿಸಿಡ್ತೀನಿ, ಡೀಸೆಲಿಗೆ ದುಡ್ಡು ಕೊಡಿ ಅಂತ ಕೇಳಿದ್ದ. ಬೇಡ ಅಂದವಳು ನಾನು. ತುಕ್ಕು ಹಿಡಿದು ಹಾಗಾಯ್ತು."

ಯಜಮಾನರು ನನ್ನನ್ನೊಮ್ಮೆ, ಅವನನ್ನೊಮ್ಮೆ ನೋಡಿದರು. ಹುಡುಗ ಗಡಬಡಿಸಿ ಬಾಗಿಲು ತೆರೆದು, "ಬಿಡಿ ಸಾರ್, ಹಳೇ ಗಾಡಿ. ಅಮ್ಮಂಗೇನು ಗೊತ್ತಾಗ್ತದೆ" ಎಂದ.