ಕರಿಕೋಟಿನ ಸಾಲ

ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಹುಟ್ಟುತ್ತಾನಂತೆ. ದೇವಋಣ, ಪಿತೃಋಣ, ಋಷಿಋಣ. ಶಾಸ್ತ್ರ ಹಾಗೆ ಹೇಳುತ್ತದೆ. ಋಷಿಋಣವನ್ನು ತೀರಿಸಬೇಕಾದದ್ದು ಓದಿನಿಂದ. ಸರಿ. ಆದರೆ ವೇದ ಕೇಳಿದ ಶೂದ್ರನ ಕಿವಿಗೆ ಕಾದ ಅರಗು ಹೊಯ್ಯಿರಿ, ಉಚ್ಚರಿಸಿದರೆ ನಾಲಿಗೆ ಸೀಳಿರಿ ಎಂದು ಬರೆದದ್ದೂ ಇದೇ ಶಾಸ್ತ್ರ. ಓದಲಿಕ್ಕೇ ಬಿಡದವನ ಹೆಸರಿಗೆ ಓದಿನ ಋಣ ಎಲ್ಲಿಂದ ಬಂತು? ನಮ್ಮ ಅಜ್ಜಂದಿರಿಗೆ ಇದನ್ನು ಕೇಳುವ ಪುರಸತ್ತು ಇರಲಿಲ್ಲ. ಅವರಿಗೆ ಗೊತ್ತಿದ್ದ ಋಣ ಒಂದೇ. ಗೌಡರ ಮನೆಯ ಇನ್ನೂರು ರೂಪಾಯಿ, ಅದಕ್ಕೆ ಮಗನ ಜೀತ.

ಈಗ ಮೊಮ್ಮಗ ಓದಿದ್ದಾನೆ. ಮೊಮ್ಮಗಳೂ ಓದಿದ್ದಾಳೆ. ಚಳ್ಳಕೆರೆಯ, ಮೊಳಕಾಲ್ಮೂರಿನ ಕೋರ್ಟುಗಳ ಮುಂದೆ ಕರಿಕೋಟು ಹಾಕಿ ನಿಂತ ನಮ್ಮ ಕೇರಿಯ ಮಕ್ಕಳನ್ನು ನೋಡಿ ನಾವು ಎದೆಯುಬ್ಬಿಸಿದ್ದೇವೆ. ಆ ಕೋಟಿನ ಒಳಜೇಬಿನಲ್ಲಿ ಸಾಲದ ಚೀಟಿ ಇದೆ ಎಂಬುದನ್ನು ಮಾತ್ರ ಸಭೆಯಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಪ್ರಶ್ನೆ ಇಷ್ಟು: ಬಡವರ ಕಟ್ಲೆ ನಡೆಸಲೆಂದು ತಾಲ್ಲೂಕಿನಲ್ಲೇ ಉಳಿಯುವ ವಕೀಲನ ಓದಿನ ಸಾಲವನ್ನು ಯಾರು ತೀರಿಸಬೇಕು? ಅವನೋ, ಸಮಾಜವೋ?

ಮೊದಲು ಲೆಕ್ಕ ನೋಡೋಣ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆ ಈಗ ಒಂದು ವರ್ಷಕ್ಕೇ ಮೂರು ಲಕ್ಷ ರೂಪಾಯಿಗೂ ಹೆಚ್ಚು ಫೀಜು. ನಮ್ಮಲ್ಲಿ ಹೆಚ್ಚಿನವರು ಅಲ್ಲಿಗೆ ಹೋಗುವುದಿಲ್ಲ, ಹತ್ತಿರದ ಊರಿನ ಕಾಲೇಜಿಗೆ ಹೋಗುತ್ತಾರೆ. ವಿದ್ಯಾರ್ಥಿವೇತನ ಬರುತ್ತದೆ, ತಡವಾಗಿ ಬರುತ್ತದೆ. ಅಷ್ಟರೊಳಗೆ ರೂಮಿನ ಬಾಡಿಗೆ, ಊಟ, ಪುಸ್ತಕ, ಬಸ್ಸು ಅಂತ ಎರಡು ಕುರಿ ಮಾರಿರುತ್ತಾರೆ, ಅವ್ವನ ಓಲೆ ಅಡವಿಟ್ಟಿರುತ್ತಾರೆ, ಸಂಘದಲ್ಲಿ ಅಕ್ಕನ ಹೆಸರಿನಲ್ಲಿ ಸಾಲ ಎತ್ತಿರುತ್ತಾರೆ. ಬ್ಯಾಂಕಿನ ಸಾಲಕ್ಕಾದರೂ ಒಂದು ರೀತಿ ಇದೆ. 2009ರಿಂದ ಕೇಂದ್ರ ಸರ್ಕಾರ ಬಡ ಕುಟುಂಬದ ಮಕ್ಕಳ ಓದಿನ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತ ಬಂದಿದೆ. ಆದರೆ ಅದು ಓದುವ ಕಾಲಕ್ಕೆ, ಅದರ ಮೇಲೊಂದು ವರ್ಷಕ್ಕೆ. ಆಮೇಲೆ ಕಂತು ಶುರು. ಐದು ಲಕ್ಷಕ್ಕೆ ನೂರಕ್ಕೆ ಹತ್ತರ ಬಡ್ಡಿ, ಹತ್ತು ವರ್ಷದ ವಾಯಿದೆ ಎಂದರೆ ತಿಂಗಳಿಗೆ ಸುಮಾರು 6,600 ರೂಪಾಯಿ. 120 ಕಂತು. ಕಟ್ಟಿ ಮುಗಿಸುವಾಗ ಐದು ಲಕ್ಷ ಎಂಟು ಲಕ್ಷದ ಹತ್ತಿರಕ್ಕೆ ಬಂದಿರುತ್ತದೆ.

ಈ 6,600 ರೂಪಾಯಿಯನ್ನು ಹೊಸ ವಕೀಲ ಎಲ್ಲಿಂದ ತರಬೇಕು? ಅಪ್ಪ ವಕೀಲನಾಗಿದ್ದವನಿಗೆ ಆಫೀಸು, ಪುಸ್ತಕದ ಬೀರು, ಕಕ್ಷಿದಾರರು ಎಲ್ಲ ಮನೆಯಲ್ಲೇ ಸಿಗುತ್ತವೆ. ನಮ್ಮವನು ಸೀನಿಯರ್ ಒಬ್ಬರ ಹಿಂದೆ ಫೈಲು ಹೊತ್ತು ತಿರುಗಬೇಕು. ಅವರು ಕೊಟ್ಟರೆ ಕೊಟ್ಟರು. ಸಮಾಜ ಕಲ್ಯಾಣ ಇಲಾಖೆ ತರಬೇತಿಯ ಕಾಲಕ್ಕೆ ಪರಿಶಿಷ್ಟ ಕಾನೂನು ಪದವೀಧರರಿಗೆ ತಿಂಗಳ ಭತ್ಯೆಯ ಯೋಜನೆ ಇಟ್ಟಿದೆ. ಒಳ್ಳೆಯದೇ. ತರಬೇತಿ ಮುಗಿದ ಮರುದಿನ ಏನು? ಸನ್ನದಿನ ಕಥೆಯೂ ಇಂಥದೇ. 1961ರ ವಕೀಲರ ಕಾಯ್ದೆ ನೋಂದಣಿಗೆ ಇಷ್ಟೇ ಶುಲ್ಕ ಎಂದು ಮಿತಿ ಹಾಕಿದ್ದರೂ ಹಲವು ರಾಜ್ಯಗಳ ವಕೀಲರ ಪರಿಷತ್ತುಗಳು ಹತ್ತಾರು ಸಾವಿರ ವಸೂಲಿ ಮಾಡುತ್ತಿದ್ದವು. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಇದನ್ನು ತಡೆಯಿತು. ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ, ಅದರ ಮೇಲೆ ತೆಗೆದುಕೊಳ್ಳಕೂಡದು ಎಂದಿತು. ನ್ಯಾಯದ ಮನೆಯ ಬಾಗಿಲಿಗೇ ಸುಂಕದಕಟ್ಟೆ ಇಟ್ಟಿದ್ದರು ಅನ್ನುವುದು ಅಷ್ಟು ವರ್ಷ ಬೇಕಾಯಿತು ಒಪ್ಪಿಕೊಳ್ಳಲಿಕ್ಕೆ.

ಲೆಕ್ಕ ಹೀಗಿರುವಾಗ ಹುಡುಗ ಏನು ಮಾಡುತ್ತಾನೆ? ಬೆಂಗಳೂರಿನ ಕಂಪನಿಗೆ ಹೋಗಿ ಕರಾರುಪತ್ರ ತಿದ್ದುತ್ತಾನೆ. ಇಲ್ಲವೇ ಊರಲ್ಲೇ ಕೂತು ಬ್ಯಾಂಕಿನ ಪರ, ಫೈನಾನ್ಸಿನ ಪರ ನೋಟೀಸು ಬರೆಯುತ್ತಾನೆ. ಸಾಲಗಾರನ ಮಗ ಸಾಲಗಾರರ ಮೇಲೆ ದಾವೆ ಹೂಡಿ ಸಾಲ ತೀರಿಸುತ್ತಾನೆ. ಅವನನ್ನು ಬೈಯುವುದು ಸುಲಭ, ಗೆಳೆಯರೇ. ಅವನ ಕಂತು ಕಟ್ಟುವುದು ಕಷ್ಟ.

ಅವನು ಬಿಟ್ಟುಹೋದ ಜಾಗದಲ್ಲಿ ಏನಿದೆ ನೋಡಿ. 1978ರ ಪಿಟಿಸಿಎಲ್ ಕಾಯ್ದೆ ಇದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಕಾನೂನು ಮೀರಿ ಕೈಬಿಟ್ಟಿದ್ದರೆ ವಾಪಸು ಕೊಡಿಸುವ ಕಾಯ್ದೆ ಅದು. ಅರ್ಜಿ ಕೇಳುವವರು ಉಪವಿಭಾಗಾಧಿಕಾರಿ, ಅವರ ಕಚೇರಿ ಚಿತ್ರದುರ್ಗದಲ್ಲಿ. ಮೊಳಕಾಲ್ಮೂರಿನ ಗಡಿಹಳ್ಳಿಯ ಮುದುಕಿ ಪಹಣಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ವಾಯಿದೆ ಮುಂದಕ್ಕೆ ಹೋದರೆ ಮತ್ತೊಂದು ದಿನ. 2017ರಲ್ಲಿ ಸುಪ್ರೀಂ ಕೋರ್ಟು, ಅರ್ಜಿಯನ್ನು ಸಮಂಜಸ ಕಾಲದೊಳಗೆ ಹಾಕಬೇಕಿತ್ತು ಅಂದಿತು. ಅದರ ಹೊಡೆತಕ್ಕೆ ತಡವಾಗಿ ಬಂದ ಎಷ್ಟೋ ಅರ್ಜಿಗಳು ಬಿದ್ದವು. ಹೋರಾಟ ನಡೆದು 2023ರಲ್ಲಿ ಕಾಲಮಿತಿ ಇಲ್ಲ ಎಂದು ಕಾಯ್ದೆಗೆ ತಿದ್ದುಪಡಿ ಬಂತು. ತಿದ್ದುಪಡಿ ಪುಸ್ತಕದಲ್ಲಿದೆ. ಅದನ್ನು ಮುದುಕಿಯ ಪರವಾಗಿ ಎದ್ದು ನಿಂತು ಓದುವವರು ಯಾರು?

ಚಳ್ಳಕೆರೆಯ ಅಮೃತಮಹಲ್ ಕಾವಲನ್ನು ತೆಗೆದುಕೊಳ್ಳಿ. ಸುತ್ತಲ ಹಟ್ಟಿಗಳ ಕುರಿ, ದನ ಮೇಯುತ್ತಿದ್ದ ನೆಲ. ಕುರಿಯಿಂದ ಉಣ್ಣೆ, ಉಣ್ಣೆಯಿಂದ ಕಂಬಳಿ, ಕಂಬಳಿಯಿಂದ ಹೊಟ್ಟೆ. ಅದರಲ್ಲಿ ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಸಂಶೋಧನೆಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಅಣುಶಕ್ತಿ ಸಂಶೋಧನೆಗೆ, ಬಾಹ್ಯಾಕಾಶ ಸಂಸ್ಥೆಗೆ ಹಂಚಿದರು. ಹಟ್ಟಿಯವರಿಗೆ ಇದು ಸರಿಯಾಗಿ ಗೊತ್ತಾದದ್ದು ಬೇಲಿ, ಗೋಡೆ ಎದ್ದಾಗ. ಪ್ರಕರಣ 2013ರಲ್ಲಿ ಚೆನ್ನೈನ ಹಸಿರು ನ್ಯಾಯಪೀಠಕ್ಕೆ ಹೋಯಿತು. ಕುರಿ ಕಾಯುವವನಿಗೆ ಚೆನ್ನೈ ಎಷ್ಟು ದೂರ, ಅಲ್ಲಿನ ಇಂಗ್ಲಿಷು ಎಷ್ಟು ದೂರ ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನು ದೌರ್ಜನ್ಯದ ಕಟ್ಲೆಗಳು. 2000ನೇ ಇಸವಿ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ಒಬ್ಬೊಬ್ಬರಾಗಿ ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಹೆಣ, ಕೊಂದವರು ಯಾರೂ ಇಲ್ಲ! ಸಾಕ್ಷಿಯ ಗುಡಿಸಲಿಗೆ ವಾರಕ್ಕೊಮ್ಮೆ ಹೋಗಿ, ಹೆದರಬೇಡವ್ವಾ ನಾನಿದೀನಿ ಅನ್ನುವ ವಕೀಲ ಬೇಕು. ಒಂದು ವರ್ಷಕ್ಕಲ್ಲ, ಹತ್ತು ವರ್ಷಕ್ಕೆ ಬೇಕು.

ಹತ್ತು ವರ್ಷ ಅಂದಾಗ ಬಾಬಾಸಾಹೇಬರು ನೆನಪಾಗುತ್ತಾರೆ. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕಕ್ಕೆ ಹೋದರು. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡಬೇಕೆಂದು ಕರಾರು. ಮಹಾರಾಜರು ದೊಡ್ಡ ಮನಸ್ಸಿನವರು, ಸಂಶಯವಿಲ್ಲ. ಕರಾರಿನಂತೆ ಅಂಬೇಡ್ಕರ್ 1917ರಲ್ಲಿ ಬರೋಡಕ್ಕೆ ಹೋದರು. ಆಫೀಸಿನಲ್ಲಿ ಅಸ್ಪೃಶ್ಯತೆ, ಊರಲ್ಲಿ ಇರಲು ಮನೆಯಿಲ್ಲ. ಪಾರ್ಸಿ ಛತ್ರದಲ್ಲಿ ಹೆಸರು ಮರೆಸಿ ಇದ್ದವರನ್ನು ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಸೇವೆ ಮಾಡು ಅಂತ ಕರಾರು ಬರೆಸಿಕೊಂಡ ನಾಡು ಸೇವೆ ಮಾಡುವವನಿಗೆ ಒಂದು ಕೋಣೆ ಕೊಡಲಿಲ್ಲ.

ಅದೇ ಅಂಬೇಡ್ಕರ್ ಮುಂದೆ ಬ್ಯಾರಿಸ್ಟರ್ ಆಗಿ ಬಂದು ಇನ್ನೊಂದು ಹತ್ತು ವರ್ಷ ದುಡಿದರು. ಮಹಾಡದ ಚವದಾರ್ ಕೆರೆಯ ದಾವೆ 1927ರಲ್ಲಿ ಹೂಡಿದ್ದು. ಮುಂಬಯಿ ಹೈಕೋರ್ಟಿನಲ್ಲಿ ಕೆರೆ ನಮ್ಮದೂ ಹೌದು ಎಂದು ತೀರ್ಮಾನವಾದದ್ದು 1937ರ ಮಾರ್ಚಿನಲ್ಲಿ. ಒಂದು ಬೊಗಸೆ ನೀರಿಗೆ ಹತ್ತು ವರ್ಷದ ವಕೀಲಿಕೆ. ಈ ಹತ್ತು ವರ್ಷವನ್ನು ಯಾವ ಕರಾರೂ ಬರೆಸಿಕೊಂಡಿರಲಿಲ್ಲ.

ಅಮೆರಿಕದಲ್ಲಿ 2007ರಲ್ಲಿ ಒಂದು ಕಾನೂನು ಬಂತು. ಸರ್ಕಾರದಲ್ಲೋ ಲಾಭಕ್ಕಲ್ಲದ ಸಂಸ್ಥೆಯಲ್ಲೋ ದುಡಿಯುತ್ತ, ವರಮಾನಕ್ಕೆ ತಕ್ಕ ಕಂತನ್ನು 120 ಸಾರಿ ಕಟ್ಟಿದವರ ಉಳಿದ ಓದಿನ ಸಾಲವನ್ನು ಮನ್ನಾ ಮಾಡುವುದು. ಬಡವರ ವಕೀಲರು, ಮೇಷ್ಟರು, ದಾದಿಯರು ಇದನ್ನು ನಂಬಿ ಹತ್ತು ವರ್ಷ ದುಡಿದರು. 2017ರಲ್ಲಿ ಮೊದಲ ಅರ್ಜಿಗಳು ಹೋದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ತಿರಸ್ಕೃತವಾದವು. ಸಾಲದ ಬಗೆ ಬೇರೆ, ಫಾರಂ ಬೇರೆ ಅಂತ ನೆವ. ಕೂಗಾಟವಾಗಿ 2021ರಿಂದ ನಿಯಮ ಸಡಿಲಿಸಿದ ಮೇಲೆ, 2024ರ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜನರ ಸಾಲ ಹರಿಯಿತು. ನಾವು ಕಲಿಯಬೇಕಾದದ್ದು ಎರಡು. ಇಂಥದು ಆಗುವಂಥದೇ. ಆದರೆ ಫಾರಮ್ಮಿನ ಕೈಗೆ ಕೊಟ್ಟರೆ ಅದು ಸಾಯುತ್ತದೆ.

ಈಗ ಎದುರು ಮಾತುಗಳು. ಮೊದಲನೆಯದು ನಮ್ಮ ಒಳಗಿನಿಂದಲೇ ಬರುತ್ತದೆ. ‘ಚಳವಳಿಯವನಿಗೆ ದುಡ್ಡಿನ ಮಾತ್ಯಾಕೆ? ತ್ಯಾಗ ಮಾಡಬೇಕಪ್ಪಾ.’ ತ್ಯಾಗ ಮಾಡಲು ಮೊದಲು ಕೈಯಲ್ಲಿ ಏನಾದರೂ ಇರಬೇಕು. ಕಣಜದಲ್ಲಿ ರಾಗಿ ಇದ್ದವನು ಉಪವಾಸ ಮಾಡಿದರೆ ಅದು ವ್ರತ. ನಮ್ಮವನು ಮಾಡುವ ತ್ಯಾಗದಲ್ಲಿ ಅವ್ವನ ಓಲೆ ಹೋಗುತ್ತದೆ, ತಂಗಿಯ ಓದು ನಿಲ್ಲುತ್ತದೆ. ಬೇರೆಯವರ ಬಾಯಿಯಿಂದ ಕಿತ್ತುಕೊಟ್ಟದ್ದನ್ನು ತ್ಯಾಗ ಎಂದು ಕರೆಯಲು ನಮಗೆ ನಾಲಿಗೆ ಹೊರಳುವುದಿಲ್ಲ.

ಎರಡನೆಯದು ಗಟ್ಟಿ ಮಾತು. ಕುರಿ ಕಾಯುವವನು ಕೇಳುತ್ತಾನೆ: ‘ನಾನು ಇಸ್ಕೂಲಿನ ಮೆಟ್ಲೇ ಹತ್ತಲಿಲ್ಲ. ಲಾಯರಪ್ಪನ ಸಾಲ ನಾನ್ಯಾಕೆ ಕಟ್ಲಿ?’ ಬೆಂಕಿಪೊಟ್ಟಣ ಕೊಂಡಾಗಲೂ ತೆರಿಗೆ ಕಟ್ಟುವವನು ಅವನು. ಕೇಳುವ ಹಕ್ಕು ಅವನಿಗಿದೆ. ನಮ್ಮ ಉತ್ತರ ಇದು: ನಿನ್ನ ಕಾವಲಿಗೆ ಗೋಡೆ ಬಂದ ದಿನ ನಿನ್ನ ಪರ ಮಾತಾಡುವವನು ಇದ್ದರೆ ಮಾತ್ರ ಕಟ್ಟು. ಇಲ್ಲದಿದ್ದರೆ ಕಟ್ಟಬೇಡ. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿಸಿ, ಬಡತನದ ಕಾರಣಕ್ಕೆ ಯಾರಿಗೂ ನ್ಯಾಯ ತಪ್ಪಬಾರದು ಎಂದರು. 1987ರ ಕಾನೂನು ಸೇವೆಗಳ ಕಾಯ್ದೆ ಪರಿಶಿಷ್ಟರಿಗೆ, ಹೆಂಗಸರಿಗೆ, ಮಕ್ಕಳಿಗೆ ಉಚಿತ ವಕೀಲರನ್ನು ಕೊಡುವುದಾಗಿ ಹೇಳಿತು. ಮಾತು ಕೊಟ್ಟದ್ದು ಸರ್ಕಾರ. ಆ ಮಾತನ್ನು ಅರ್ಧ ಹೊಟ್ಟೆಯಲ್ಲಿ ನಡೆಸುತ್ತಿರುವವನು ಕಂತು ಬಾಕಿ ಉಳಿಸಿಕೊಂಡ ನಮ್ಮ ಹುಡುಗ. ಹಾಗಾದರೆ ಸಾಲಗಾರ ಯಾರು?

ಮೂರನೆಯದು ನಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆ. ಸಾಲ ತೀರಿಸುತ್ತೇವೆ, ಹತ್ತು ವರ್ಷ ಇಲ್ಲೇ ದುಡಿ ಅನ್ನುವುದಕ್ಕೂ ಗೌಡರ ಮನೆಯ ಜೀತಕ್ಕೂ ಏನು ವ್ಯತ್ಯಾಸ? ವ್ಯತ್ಯಾಸವನ್ನು ನಾವೇ ಕಟ್ಟಬೇಕು, ತಾನಾಗಿ ಬರುವುದಿಲ್ಲ. ಜೀತದಲ್ಲಿ ಅಸಲು ಕರಗುವುದೇ ಇಲ್ಲ, ನಡುವೆ ಬಿಟ್ಟುಹೋದರೆ ದುಡಿದದ್ದೆಲ್ಲ ಶೂನ್ಯ. ಆದ್ದರಿಂದ ಒಂದು ವರ್ಷ ದುಡಿದರೆ ಸಾಲದ ಹತ್ತನೇ ಒಂದು ಪಾಲು ಅಳಿಯಬೇಕು, ಅಳಿದದ್ದು ಮತ್ತೆ ಹುಟ್ಟಬಾರದು. ಮೂರು ವರ್ಷಕ್ಕೆ ಬಿಟ್ಟುಹೋದ ಹುಡುಗಿಗೆ ಮೂರು ಪಾಲು ಹರಿದಿರಬೇಕು, ಉಳಿದದ್ದಷ್ಟೇ ಅವಳದ್ದು. ಓದುವ ಮೊದಲು ಕರಾರಿಗೆ ಸಹಿ ಹಾಕಿಸಿಕೊಳ್ಳಕೂಡದು. ಹದಿನೆಂಟು ವರ್ಷದ ಮಗುವಿನಿಂದ ಮೂವತ್ತೈದನೇ ವಯಸ್ಸಿನ ಬದುಕನ್ನು ಬರೆಸಿಕೊಳ್ಳುವುದು ಸಹಾಯವಲ್ಲ.

ಕೊನೆಯದು: ಸಾರ್ವಜನಿಕ ಸೇವೆ ಅಂದರೆ ಯಾವುದು? ಕಾವಲಿನ ಕಟ್ಲೆಯಲ್ಲಿ ಸರ್ಕಾರದ ಪರ ನಿಂತ ವಕೀಲನೂ ಸಾರ್ವಜನಿಕ ಸೇವಕನೇ. ಹಟ್ಟಿಯವರ ಪರ ನಿಂತವನಿಗೆ ಯಾವ ಹುದ್ದೆಯೂ ಇಲ್ಲ. ಸರ್ಕಾರಿ ಸಂಬಳದವನ ಸಾಲ ಮಾತ್ರ ಮನ್ನಾ ಆದರೆ, ಸರ್ಕಾರ ತನ್ನ ವಿರುದ್ಧ ಮಾತಾಡದವರಿಗೆ ಇನಾಮು ಕೊಟ್ಟಂತಾಯಿತು. ಆದ್ದರಿಂದ ಅಳತೆ ಹುದ್ದೆಯದಾಗಬಾರದು, ವಕಾಲತ್ತಿನದಾಗಬೇಕು. ಪಿಟಿಸಿಎಲ್, ದೌರ್ಜನ್ಯ, ಜೀತ, ಕೂಲಿ, ಉಚಿತ ನೆರವು, ಇಂಥ ಕಟ್ಲೆಗಳಲ್ಲಿ ಬಡವರ ಪರ ಯಾರು ನಿಂತರು ಎಂಬುದು ಕೋರ್ಟಿನ ದಾಖಲೆಯಲ್ಲೇ ಇರುತ್ತದೆ. ಶಾಸಕರ ಶಿಫಾರಸು ಪತ್ರ ಬೇಕಿಲ್ಲ. ಬ್ಯಾಂಕಿನ ಸಾಲದ ಜೊತೆಗೆ ಸಂಘದ ಸಾಲ, ಓಲೆಯ ಸಾಲವೂ ಎಣಿಕೆಗೆ ಬರಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಓದಿನ ಸಾಲ ಆ ಹೆಸರುಗಳಲ್ಲೇ ಬದುಕುತ್ತದೆ.

ಇದೆಲ್ಲ ಆಗದ ಮಾತು ಅನ್ನುವವರಿಗೆ ಅದೇ 1976ನ್ನು ನೆನಪು ಮಾಡೋಣ. ಆ ವರ್ಷ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಆ ವರ್ಷವೇ ದೇವರಾಜ ಅರಸು ಸರ್ಕಾರದ ಸಾಲ ಪರಿಹಾರ ಕಾಯ್ದೆ ಸಣ್ಣ ರೈತರ, ಭೂಹೀನ ಕೂಲಿಗಳ ಖಾಸಗಿ ಸಾಲಗಳನ್ನು ಹರಿದುಹಾಕಿತು. ಲೇವಾದೇವಿಯವರು ಆಗಲೂ ಧರ್ಮ ಮುಳುಗಿತು ಅಂದಿರಬೇಕು. ನಮ್ಮ ಅಪ್ಪಂದಿರು ಅವತ್ತು ಒಂದು ಸಾಲದಿಂದ ಬಿಟ್ಟರು, ಬಿಟ್ಟದ್ದರಿಂದಲೇ ಮಕ್ಕಳನ್ನು ಶಾಲೆಗೆ ಕಳಿಸಿದರು.

ಮೊಳಕಾಲ್ಮೂರು ಸೀಮೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ ಕೆತ್ತಿಸಿದ ಶಾಸನ ಇವತ್ತಿಗೂ ಇದೆ. ದೊಡ್ಡವರು ಮಾತ್ರವಲ್ಲ, ಪ್ರಯತ್ನ ಮಾಡಿದರೆ ಸಣ್ಣವರೂ ಎತ್ತರ ಮುಟ್ಟಬಹುದು ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷ ಮೀರಿತು, ಅದನ್ನು ಕೆತ್ತಿ. ಸಣ್ಣವರ ಪ್ರಯತ್ನಕ್ಕೇನೂ ಕೊರತೆಯಾಗಿಲ್ಲ. ಕಂತಿನ ದಿನ ಬಂದಾಗ ಅವರ ಜೊತೆ ನಿಲ್ಲುವವರದ್ದೇ ಕೊರತೆ. ಮೇಷ್ಟ್ರೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮ ತಾಲ್ಲೂಕಿನ ಕೋರ್ಟಿಗೆ ಒಂದು ದಿನ ಹೋಗಿ. ಬಡವರ ವಕಾಲತ್ತು ಹಾಕಿರುವ ನಮ್ಮ ಹುಡುಗ ಹುಡುಗಿಯರ ಹೆಸರು ಬರೆದುಕೊಳ್ಳಿ, ಪಕ್ಕದಲ್ಲಿ ಅವರ ಸಾಲ ಬರೆಯಿರಿ. ಸರ್ಕಾರದ ಮುಂದೆ ಇಡಲು ನಮಗೆ ಬೇಕಾದ ಮೊದಲ ದಾಖಲೆ ಆ ಪಟ್ಟಿ.