ಇಂದಿನ ಧಮ್ಮಚಿಂತನೆ: ಬಿಟ್ಟು ಹೋಗುವ ಮುನ್ನ





ನನ್ನ ತಂಗಿಯ ಮಗ ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಕಳೆದ ವಾರ ಅವನ ದನಿ ಸಪ್ಪಗಿತ್ತು. "ಯಾಕೋ, ಹುಷಾರಿಲ್ವಾ?" ಅಂದೆ.

"ಏನಿಲ್ಲ ದೊಡ್ಡಮ್ಮ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಹುಡುಗ ಬಿಟ್ಟು ಹೋದ. ಅವನ ಹೆಸರಿರೋ ಜೆರ್ಸಿ ಬೇರೆ ತಗೊಂಡಿದ್ದೆ. ಮೂರು ವರ್ಷದಲ್ಲಿ ಇದು ಅವನಿಗೆ ಮೂರನೇ ಕಾಲೇಜಂತೆ. ದುಡ್ಡಿಗೆ ತನ್ನನ್ನೇ ಮಾರ್ಕೊಂಡ" ಅಂದ.

ಆ ಆಟದ ಗಂಧಗಾಳಿ ನನಗಿಲ್ಲ. ಆದರೆ "ಮಾರ್ಕೊಂಡ" ಎಂಬ ಮಾತು ಕಿವಿಯಲ್ಲೇ ಉಳಿಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ಧಮ್ಮದೀಕ್ಷೆ ತೆಗೆದುಕೊಂಡು ಊರಿಗೆ ಬಂದರು. ಆಗ ಊರಿನವರು ಕೇಳಿದ್ದೂ ಇದನ್ನೇ: "ಎಷ್ಟು ಕೊಟ್ಟರಯ್ಯಾ ನಿನಗೆ?" ಬಿಟ್ಟು ಹೋಗುವವನ ಮೇಲೆ ಜನ ಮೊದಲು ಹೊರಿಸುವ ಆರೋಪ ಇದು. ಹಾಗಾಗಿ ಈ ವಾರವೆಲ್ಲ ಸಂಜೆ ಕೂತು ಆ ಆಟಗಾರರ ವಿಷಯ ಓದಿದೆ. ಓದಿದ್ದನ್ನು, ಅದರಿಂದ ನನಗೆ ಅನ್ನಿಸಿದ್ದನ್ನು ಹಂಚಿಕೊಳ್ಳುತ್ತೇನೆ.

*ಹಣ ಮುಟ್ಟಿದರೆ ಮೈಲಿಗೆ*

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಎಂದರೆ ನಮ್ಮ ಅಂತರಕಾಲೇಜು ಪಂದ್ಯಗಳಂತೆ ಅಲ್ಲ. ಪ್ರತಿ ಮಾರ್ಚ್‌ನಲ್ಲಿ ಹತ್ತಾರು ಕಾಲೇಜುಗಳ ಪುರುಷರ ತಂಡಗಳು ಆಡುವ ಪಂದ್ಯಾವಳಿಯನ್ನು ದೇಶವೇ ಟಿ.ವಿ. ಮುಂದೆ ಕೂತು ನೋಡುತ್ತದೆ. 2025ರಿಂದ 2032ರವರೆಗಿನ ಎಂಟು ವರ್ಷಗಳ ಪ್ರಸಾರದ ಹಕ್ಕಿಗೆ ಟಿ.ವಿ. ಕಂಪನಿಗಳು ಒಪ್ಪಿಕೊಂಡ ಮೊತ್ತ 880 ಕೋಟಿ ಡಾಲರ್. ಈ ಹಣ ಹೋಗುವುದು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಎಂಬ ಸಂಸ್ಥೆಗೆ. ದೊಡ್ಡ ಕಾಲೇಜುಗಳ ಕೋಚ್‌ಗಳ ಸಂಬಳ ವರ್ಷಕ್ಕೆ ಹತ್ತಾರು ಲಕ್ಷ ಡಾಲರ್.

ಆಡುವ ಹುಡುಗರಿಗೆ? ಬಹುಕಾಲ ಸಿಕ್ಕಿದ್ದು ಫೀಸು, ಹಾಸ್ಟೆಲು, ಊಟ, ಪುಸ್ತಕ. ಅದಕ್ಕಿಂತ ಹೆಚ್ಚು ಮುಟ್ಟಿದರೆ ಆಟದ ಪಾವಿತ್ರ್ಯ ಕೆಡುತ್ತದೆ ಎಂದು ನಿಯಮ. ಇದನ್ನು ಓದಿದಾಗ ನನಗೆ ನಗು ಬಂತು. ಹಣ ಆಡಿಸುವವರು ಮುಟ್ಟಿದರೆ ಮಡಿ, ಆಡುವವರು ಮುಟ್ಟಿದರೆ ಮೈಲಿಗೆ! ನಮಗೆ ಗೊತ್ತಿಲ್ಲದ ಲೆಕ್ಕವೇ ಇದು?

ಬಿಟ್ಟು ಹೋಗುವುದರಲ್ಲೂ ಇದೇ ತಾರತಮ್ಯ. ಹೆಚ್ಚು ಸಂಬಳ ಸಿಕ್ಕಿದರೆ ಕೋಚ್ ಮರುದಿನವೇ ಬೇರೆ ಕಾಲೇಜಿಗೆ ಹೋಗಬಹುದಿತ್ತು. ಅವನನ್ನು ನಂಬಿ ಸೇರಿದ ಹುಡುಗ ಹೋದರೆ ಸಾಮಾನ್ಯವಾಗಿ ಒಂದು ವರ್ಷ ಪಂದ್ಯ ಆಡದೆ ಕೂರಬೇಕಿತ್ತು. ಈ ಹುಡುಗರಲ್ಲಿ ದೊಡ್ಡ ಪಾಲು ಕಪ್ಪು ಜನರ ಮಕ್ಕಳು. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ನಾಯಕ ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಅವರಿಗೆ ಪತ್ರ ಬರೆದು, ನಿಮ್ಮ ಸ್ಥಿತಿಗೂ ನಮ್ಮ ಸ್ಥಿತಿಗೂ ಸಾಮ್ಯವಿದೆ ಎಂದು ಹೇಳಿದ್ದು ನಿಮಗೆ ನೆನಪಿರಬಹುದು.

2014ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದ ತಂಡ ಚಾಂಪಿಯನ್ ಆಯಿತು. ಆ ತಂಡದ ಮುಖ್ಯ ಆಟಗಾರ ಶಬಾಜ್ ನೇಪಿಯರ್, ಕೆಲವು ರಾತ್ರಿ ಹಸಿದುಕೊಂಡೇ ಮಲಗುತ್ತೇನೆ ಎಂದು ಪತ್ರಕರ್ತರ ಮುಂದೆ ಹೇಳಿದ. ಸಾವಿರಾರು ಜನ ಕೊಳ್ಳುವ ಜೆರ್ಸಿಯ ಹುಡುಗನಿಗೆ ರಾತ್ರಿ ಊಟಕ್ಕೆ ಕಾಸಿಲ್ಲ. ಆಟಗಾರರ ಊಟದ ಮೇಲಿದ್ದ ಮಿತಿಯನ್ನು ತೆಗೆಯಲು ಎನ್‌ಸಿಎಎ ಸಮಿತಿ ಒಪ್ಪಿದ್ದು ಅದೇ ತಿಂಗಳಲ್ಲಿ.

*ಆಳವಿಯ ರೈತ*

ಧಮ್ಮಪದದ ಅಟ್ಠಕಥೆಯಲ್ಲಿ ಒಂದು ಪ್ರಸಂಗವಿದೆ. ಭಗವಾನ್ ಬುದ್ಧರು ಆಳವಿ ಎಂಬ ಊರಿಗೆ ಬಂದಿದ್ದರು. ಅವರ ಮಾತು ಕೇಳಬೇಕೆಂದಿದ್ದ ಒಬ್ಬ ಬಡ ರೈತನ ಎತ್ತು ಅಂದೇ ತಪ್ಪಿಸಿಕೊಂಡಿತು. ಹುಡುಕಿ ಹಿಡಿದು ತರುವಷ್ಟರಲ್ಲಿ ಹೊತ್ತು ಮೀರಿತ್ತು. ಹಸಿದ ಹೊಟ್ಟೆಯಲ್ಲೇ ಓಡಿ ಬಂದ. ಬುದ್ಧರು ಅವನಿಗಾಗಿ ಕಾದಿದ್ದರು. ಬಂದವನಿಗೆ ಮೊದಲು ಊಟ ಹಾಕಿಸಿದರು, ಆಮೇಲೆ ಧಮ್ಮ ಹೇಳಿದರು. ಒಬ್ಬನ ಊಟದ ವಿಚಾರವನ್ನು ಗುರುಗಳು ಹೀಗೆ ಮೈಮೇಲೆ ಹಾಕಿಕೊಳ್ಳುವುದೇ ಎಂದು ಭಿಕ್ಖುಗಳು ಗೊಣಗಿದರು. ಹಸಿದವನಿಗೆ ಉಪದೇಶ ಹಿಡಿಸುವುದಿಲ್ಲ ಎಂಬುದು ಬುದ್ಧರ ಉತ್ತರದ ಸಾರ.

ಆದ್ದರಿಂದ ಆ ಹುಡುಗರಿಗೆ "ಆಸೆ ಬಿಡಿ, ನಿಷ್ಠೆ ಕಲಿಯಿರಿ" ಎಂದು ಹೇಳುವ ಮೊದಲು ಕೇಳಬೇಕಾದ ಪ್ರಶ್ನೆ: ಅವರ ಪಾಲು ಅವರಿಗೆ ಸಿಕ್ಕಿತ್ತೇ? ಕೊಡದೆ ಇದ್ದದ್ದನ್ನು ತೆಗೆದುಕೊಳ್ಳಬಾರದು ಎಂಬ ಎರಡನೆಯ ಶೀಲ ಕಾಲೇಜುಗಳಿಗೂ ಅನ್ವಯಿಸುತ್ತದೆ.

*ಸಂಕೋಲೆ ಕಳಚಿತು*

ಕಾಲ ಬದಲಾಯಿತು. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಬಿಡಬೇಕೆಂದವನ ಹೆಸರು ಅದರಲ್ಲಿ ಸೇರಿದರೆ ಸಾಕು, ಬೇರೆ ಕಾಲೇಜಿನ ಕೋಚ್‌ಗಳು ಅವನೊಂದಿಗೆ ಮಾತಾಡಬಹುದು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಕಾಲೇಜು ಬದಲಿಸಿದರೆ ವರ್ಷ ಕೂರಬೇಕಿಲ್ಲ ಎಂದಾಯಿತು. ಅದೇ ಜೂನ್‌ನಲ್ಲಿ, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ನಿಲ್ಲದು ಎಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಒಮ್ಮತದಿಂದ ತೀರ್ಪು ಕೊಟ್ಟರು. ಜುಲೈನಿಂದ ತಮ್ಮ ಹೆಸರು, ಮುಖ ಬಳಸಿಕೊಳ್ಳುವ ಜಾಹೀರಾತಿಗೆ ಹಣ ಪಡೆಯಲು ಆಟಗಾರರಿಗೆ ಅವಕಾಶವಾಯಿತು. 2024ರಲ್ಲಿ ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದಾಗಿದೆ.

ಇದು ನ್ಯಾಯ. ನನಗೆ ಇದರಲ್ಲಿ ಅನುಮಾನವಿಲ್ಲ.

ಹಾಗಾದರೆ ಅವರೆಲ್ಲ ನೆಮ್ಮದಿಯಾಗಿದ್ದಾರೆಯೇ? ಪ್ರತಿ ತಂಡಕ್ಕೆ ಬಹುಕಾಲ ಹದಿಮೂರು ಸ್ಕಾಲರ್‌ಶಿಪ್‌ಗಳಿದ್ದವು. ಅಂಕಣದಲ್ಲಿ ಒಮ್ಮೆಗೆ ಐವರು, ಪಂದ್ಯ 40 ನಿಮಿಷ. ಅಂದರೆ ಹದಿಮೂರು ಮಂದಿ ಹಂಚಿಕೊಳ್ಳಬೇಕಾದದ್ದು 200 ನಿಮಿಷ. ನಾಲ್ಕೈದು ಮಂದಿಯೇ 150 ನಿಮಿಷ ಆಡಿದರೆ ಉಳಿದವರು ಬೆಂಚಿನ ಮೇಲೆ ಕೂತು ಚಪ್ಪಾಳೆ ತಟ್ಟಬೇಕು. ಚಿಕ್ಕಂದಿನಿಂದ ಬೆವರು ಸುರಿಸಿ ಬಂದವನಿಗೆ ಅದು ಸಣ್ಣ ನೋವಲ್ಲ. ಹಾಗಾಗಿ ದುಡ್ಡಿಗೆ ಹೋಗುವವರಂತೆ, ಆಡುವ ಅವಕಾಶಕ್ಕಾಗಿ ಹೋಗುವವರೂ ಇದ್ದಾರೆ. ಈಚಿನ ವರ್ಷಗಳಲ್ಲಿ ಒಂದೊಂದು ವಸಂತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹುಡುಗರು ಪೋರ್ಟಲ್ ಸೇರುತ್ತಿದ್ದಾರೆ. ಎಲ್ಲರಿಗೂ ಹೊಸ ಜಾಗ ಸಿಗುವುದಿಲ್ಲ. ಒಮ್ಮೆ ಹೆಸರು ಹಾಕಿದರೆ ಹಳೆಯ ಕಾಲೇಜು ಸ್ಕಾಲರ್‌ಶಿಪ್ ಮುಂದುವರಿಸಲೇಬೇಕೆಂದಿಲ್ಲ. ಹೊಸ ಕಾಲೇಜು ಹಳೆಯ ಪಾಠಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ ಎಂಬ ಖಾತ್ರಿಯೂ ಇಲ್ಲ. ಪದವಿ ಹಿಂದೆ ಬೀಳಬಹುದು.

*ಪಕ್ಕದವನ ತಟ್ಟೆ*

2022ರ ಏಪ್ರಿಲ್‌ನಲ್ಲಿ ನೈಜೆಲ್ ಪ್ಯಾಕ್ ಎಂಬ ಆಟಗಾರ ಕ್ಯಾನ್ಸಸ್ ಸ್ಟೇಟ್ ಬಿಟ್ಟು ಮಯಾಮಿ ವಿಶ್ವವಿದ್ಯಾಲಯಕ್ಕೆ ಬಂದ. ಎರಡು ವರ್ಷಕ್ಕೆ 8 ಲಕ್ಷ ಡಾಲರ್, ಜತೆಗೆ ಒಂದು ಕಾರು ಎಂದು ಜಾಹೀರಾತು ಒಪ್ಪಂದ ಮಾಡಿಕೊಂಡ ಉದ್ಯಮಿ ಬಹಿರಂಗವಾಗಿಯೇ ಹೇಳಿದರು. ಆ ತಂಡದಲ್ಲಿ ಮೊದಲಿನಿಂದ ಆಡುತ್ತಿದ್ದ ಐಸಾಯಾ ವಾಂಗ್ ಎಂಬವನ ಏಜೆಂಟ್ ಕೆಲವೇ ದಿನಗಳಲ್ಲಿ, ಇವನ ಹಣ ಹೆಚ್ಚಿಸದಿದ್ದರೆ ಇವನೂ ಪೋರ್ಟಲ್ ಸೇರುತ್ತಾನೆ ಎಂದ. ನಿನ್ನೆವರೆಗೆ ಸಾಕಾಗಿದ್ದದ್ದು ಇಂದು ಸಾಲದಾಯಿತು.

ವಾಂಗ್ ಕೊನೆಗೆ ಅಲ್ಲೇ ಉಳಿದ. ಮರುವರ್ಷ ಇಬ್ಬರೂ ಜತೆಯಾಗಿ ಆಡಿ, ಆ ಕಾಲೇಜನ್ನು ಮೊಟ್ಟಮೊದಲ ಬಾರಿಗೆ ದೇಶದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿಸಿದರು. ಆದರೆ ಆ ತಂಡದ ಕೋಚ್ ಜಿಮ್ ಲರನಾಗ 2024ರ ಡಿಸೆಂಬರ್‌ನಲ್ಲಿ, ದಣಿದಿದ್ದೇನೆ ಎಂದು ಋತುವಿನ ನಡುವೆಯೇ ನಿವೃತ್ತರಾದರು. ಅಷ್ಟು ದೊಡ್ಡ ಗೆಲುವಿನ ನಂತರದ ಮೊದಲ ಭೇಟಿಯಲ್ಲೇ ಎಂಟು ಆಟಗಾರರು ಬಿಟ್ಟು ಹೋಗುವ ಮಾತಾಡಿದ್ದು ತಮಗೆ ಆಘಾತವಾಗಿತ್ತು ಎಂದು ಅಂದು ಹೇಳಿದರು.

ಆ ಹುಡುಗರನ್ನು ನಾನು ದೂರುವುದಿಲ್ಲ. ಒಂದೇ ಕೆಲಸಕ್ಕೆ ಎರಡು ಕೂಲಿ ಯಾಕೆ ಎಂದು ಕೇಳುವುದು ತಪ್ಪಲ್ಲ, ಬಾಬಾಸಾಹೇಬರು ನಮಗೆ ಕಲಿಸಿದ್ದೇ ಕೇಳುವುದನ್ನು. ಆದರೆ ಇಲ್ಲಿ ಇನ್ನೊಂದು ಸಂಗತಿಯೂ ಇದೆ. ಪಾಲಿಯಲ್ಲಿ 'ಮಾನ' ಎಂದರೆ ಕನ್ನಡದ ಮಾನ ಮರ್ಯಾದೆಯಲ್ಲ. ನಾನು ಅವನಿಗಿಂತ ಮೇಲು, ನಾನು ಅವನಿಗೆ ಸಮ, ನಾನು ಅವನಿಗಿಂತ ಕೀಳು ಎಂದು ಸದಾ ತನ್ನನ್ನು ಇನ್ನೊಬ್ಬರ ಪಕ್ಕ ನಿಲ್ಲಿಸಿ ಅಳೆಯುವ ಚಾಳಿ. ತನ್ನ ತಟ್ಟೆ ಬರಿದಾಗಿ ಹಸಿವಾದರೆ ಅದು ಹಸಿವು. ಪಕ್ಕದವನ ತಟ್ಟೆ ನೋಡಿ ಹಸಿವಾದರೆ ಅದು ತಣ್ಹಾ. ಮೊದಲನೆಯದಕ್ಕೆ ಕಾನೂನು ಬೇಕು, ಹೋರಾಟ ಬೇಕು. ಎರಡನೆಯದಕ್ಕೆ ಯಾವ ಕೋರ್ಟೂ ತೀರ್ಪು ಕೊಡಲಾರದು. ನಮ್ಮ ಮನಸ್ಸನ್ನು ನಾವೇ ನೋಡಿಕೊಳ್ಳಬೇಕು.

*ಬುದ್ಧರೂ ಬಿಟ್ಟರು, ಬಾಬಾಸಾಹೇಬರೂ ಬಿಟ್ಟರು*

ಸಿದ್ಧಾರ್ಥ ಆಳಾರ ಕಾಲಾಮರ ಬಳಿ ಕಲಿತರು. ಗುರುಗಳು ಮೆಚ್ಚಿ, ನನ್ನ ಜತೆ ಈ ಶಿಷ್ಯರನ್ನು ನೀನೂ ಮುನ್ನಡೆಸು ಎಂದರು. ಅದು ದೊಡ್ಡ ಸ್ಥಾನ. ಸಿದ್ಧಾರ್ಥ ಬಿಟ್ಟು ಹೋದರು. ಉದ್ದಕ ರಾಮಪುತ್ತರ ಬಳಿಯೂ ಗುರುಸ್ಥಾನವೇ ಕಾದಿತ್ತು. ಅದನ್ನೂ ಬಿಟ್ಟರು. ಎರಡು ಕಡೆ ಹೆಚ್ಚು ಸಿಗುತ್ತಿದ್ದಾಗಲೇ ಹೊರಟರು, ಏಕೆಂದರೆ ಹುಡುಕುತ್ತಿದ್ದದ್ದು ಅಲ್ಲಿ ಇರಲಿಲ್ಲ. ಬೋಧಿ ಲಭಿಸಿದ ಮೇಲೆ, ಇದನ್ನು ಮೊದಲು ಯಾರಿಗೆ ಹೇಳಲಿ ಎಂದು ಯೋಚಿಸಿದಾಗ ನೆನಪಾದವರು ಆ ಇಬ್ಬರು ಗುರುಗಳೇ. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಆಗ ಬುದ್ಧರು ಸಾರನಾಥಕ್ಕೆ ನಡೆದರು, ತಮ್ಮನ್ನು ಬಿಟ್ಟು ಹೋಗಿದ್ದ ಐವರು ಜತೆಗಾರರನ್ನು ಹುಡುಕಿಕೊಂಡು.

ಬಾಬಾಸಾಹೇಬರು 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. 1920ರಲ್ಲಿ ಆ ಸಂಬಳದ ಕೆಲಸ ಬಿಟ್ಟು, ಅರ್ಧಕ್ಕೆ ನಿಂತ ಓದು ಮುಗಿಸಲು ಲಂಡನ್ನಿಗೆ ಹೋದರು. ಇನ್ನು ಎಲ್ಲಕ್ಕಿಂತ ದೊಡ್ಡ ಬಿಡುಗಡೆ: 1935ರ ಅಕ್ಟೋಬರ್ 13ರಂದು ಯೇವಲಾದಲ್ಲಿ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದವರು, ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರ ಅಕ್ಟೋಬರ್ 14ರಂದು. ನಡುವೆ 21 ವರ್ಷ. ಓದಿದರು, ತೂಗಿದರು, ಜನರ ಮುಂದೆ ಕಾರಣ ಬಿಚ್ಚಿಟ್ಟರು.

ಬಿಟ್ಟು ಬಂದವರ ಮಕ್ಕಳು ನಾವು. ಬಿಡುವುದೇ ಪಾಪ ಎಂದು ನಾವು ಹೇಗೆ ಹೇಳೋಣ?

*ನನ್ನ ಮಾತು*

ಹನ್ನೊಂದು ವರ್ಷದ ಹಿಂದೆ ನಾನೂ ಒಂದು ಹಳ್ಳಿಯ ಶಾಲೆಯಿಂದ ವರ್ಗಾವಣೆ ತೆಗೆದುಕೊಂಡೆ. ಅಮ್ಮನಿಗೆ ಹುಷಾರಿಲ್ಲ ಎಂದು ಎಲ್ಲರಿಗೂ ಹೇಳಿದೆ. ಅದು ನಿಜ. ಪೇಟೆಯ ಮನೆ, ಹೆಚ್ಚಿನ ಬಾಡಿಗೆ ಭತ್ಯೆ, ಮಗನಿಗೆ ಒಳ್ಳೆಯ ಶಾಲೆ ಎಂಬ ಆಸೆಯೂ ಇತ್ತು. ಅದೂ ನಿಜ, ಆದರೆ ಅದನ್ನು ನಾನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಏಳನೇ ತರಗತಿಯ ಮಕ್ಕಳಿಗೆ ಮುಖ ತೋರಿಸಲಾರದೆ ಶನಿವಾರ ಬೆಳಿಗ್ಗೆ ಪಾಠ ಮುಗಿಸಿ ಎಂದಿನಂತೆ ಹೊರಟೆ. ಒಬ್ಬ ಹುಡುಗಿ ಬಸ್‌ಸ್ಟ್ಯಾಂಡಿನವರೆಗೆ ಬಂದು, "ಸೋಮವಾರ ನನ್ನ ಪ್ರಬಂಧ ನೋಡ್ತೀರಲ್ಲ ಮಿಸ್?" ಅಂದಳು. "ಹೂಂ" ಅಂದೆ. ನಾಲ್ಕನೆಯ ಶೀಲ ಅಂದು ಅಲ್ಲಿ ಮುರಿಯಿತು. ಹೋದದ್ದು ತಪ್ಪಲ್ಲ. ಹೇಳದೆ ಹೋದದ್ದು ತಪ್ಪು. ಆ ಪ್ರಬಂಧ ನಾನು ಇಂದಿಗೂ ನೋಡಿಲ್ಲ.

ಆದ್ದರಿಂದ ಕಾಲೇಜು, ಕೆಲಸ, ಸಂಘ, ಊರು, ಯಾವುದನ್ನೇ ಬಿಡುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳೋಣ.

1. ನನ್ನನ್ನು ಹೊರಡಿಸುತ್ತಿರುವುದು ನನ್ನ ಹಸಿವೋ, ಪಕ್ಕದವನ ತಟ್ಟೆಯೋ?
2. ನಾನು ಹೇಳುತ್ತಿರುವ ಕಾರಣ ಪೂರ್ತಿ ನಿಜವೇ?
3. ಹಿಂದೆ ಉಳಿಯುವವರ ಕಣ್ಣಲ್ಲಿ ಕಣ್ಣಿಟ್ಟು ಹೇಳಿ, ಕೃತಜ್ಞತೆ ಸಲ್ಲಿಸಿ ಹೋಗುತ್ತಿದ್ದೇನೆಯೇ?

ಈ ಮೂರಕ್ಕೂ ಉತ್ತರ ಶುದ್ಧವಾಗಿದ್ದರೆ ಧೈರ್ಯವಾಗಿ ಹೊರಡಿ. ದುಡ್ಡಿಗಾಗಿ ಹೋದರೂ ಸರಿ. ಸಮ್ಮಾ ಆಜೀವ ಎಂದರೆ ಬಡತನವಲ್ಲ.

ಇವತ್ತು ಬೆಳಿಗ್ಗೆ ಮಗ ಮತ್ತೆ ಫೋನ್ ಮಾಡಿದ. ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವನು ಯಾಕೆ ಹೋದ ಅಂತ ನನಗೆ ನಿಜವಾಗಿ ಗೊತ್ತಿಲ್ಲ ದೊಡ್ಡಮ್ಮ. ಸುಮ್ನೆ ಅಂದ್ಬಿಟ್ಟೆ" ಅಂದ. ಆಮೇಲೆ, "ಆ ಜೆರ್ಸಿ ಏನ್ ಮಾಡ್ಲಿ?" ಅಂದ.

"ಹಾಕ್ಕೊಳೋ. ಅವನು ನಿಮ್ಮ ಕಾಲೇಜಿಗೆ ಆಡಿದ ಆಟ ಸುಳ್ಳಾಗಲಿಲ್ಲವಲ್ಲ" ಅಂದೆ.

*ಇಂದಿನ ಅಭ್ಯಾಸ:* ನಮ್ಮನ್ನು ಬಿಟ್ಟು ಹೋದ ಒಬ್ಬರನ್ನು, ನಾವು ಬಿಟ್ಟು ಬಂದ ಒಬ್ಬರನ್ನು ನೆನೆದು ಐದು ನಿಮಿಷ ಮೆತ್ತಾ ಭಾವನೆ ಮಾಡೋಣ. ಸಾಧ್ಯವಿದ್ದರೆ ಒಂದು ಫೋನ್ ಮಾಡೋಣ. ನಾನು ಆ ಹಳ್ಳಿಯ ಶಾಲೆಗೆ ಮಾಡುತ್ತೇನೆ.

ಸಾಧು, ಸಾಧು, ಸಾಧು.
ಜೈಭೀಮ್. ನಮೋ ಬುದ್ಧಾಯ. ☸️